ಛಾವಣಿಯೂ ‘ಸ್ಲ್ಯಾಂಟೆಡ್’, ವರದಿಯೂ ‘ಸ್ಲ್ಯಾಂಟೆಡ್’ ಹೇಗೆ?

ಇಳಿಜಾರು ಛಾವಣಿಗೂ ಪಕ್ಷಪಾತದ ವರದಿಗೂ ‘ಸ್ಲ್ಯಾಂಟೆಡ್’ ಅಂತಲೇ ಹೇಳುತ್ತಾರೆ, ಇವು ಎರಡು ಬೇರೆ ಪದಗಳಾ ಅಂತ ಕೇಳಿದ್ದೀರಿ. ಅಲ್ಲ, ಪದ ಒಂದೇ. ಮೊದಲು ಬಂದದ್ದು ವಾಲುವ ಅರ್ಥ, ಪಕ್ಷಪಾತದ್ದು ಆಮೇಲೆ ಸೇರಿಕೊಂಡಿದ್ದು.

‘ಸ್ಲ್ಯಾಂಟ್’ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾ ಕಡೆಯ ಭಾಷೆಗಳಿಂದ. ಸ್ವೀಡಿಷ್‌ನಲ್ಲಿ ಈಗಲೂ ‘ಸ್ಲಿಂಟಾ’ ಅಂದರೆ ಜಾರು. ಇಂಗ್ಲಿಷಿನಲ್ಲಿ ಇದರ ಹಿಂದಿನ ರೂಪ ‘ಸ್ಲೆಂಟ್’ಗೂ ಜಾರು, ಓರೆಯಾಗಿ ಬೀಳು ಎಂಬ ಅರ್ಥವಿತ್ತು. ಸುದ್ದಿಯನ್ನು ಒಂದು ಕಡೆಗೆ ವಾಲಿಸುವುದು ಎಂಬ ಬಳಕೆ ಬಹಳ ತಡವಾಗಿ, ಅಮೆರಿಕದ ಪತ್ರಿಕಾ ಲೋಕದಲ್ಲಿ ಬೆಳೆಯಿತು.

ಪಕ್ಷಪಾತ ಎಂಬರ್ಥದ ‘ಬಯಾಸ್’ ಕೂಡ ಇದೇ ದಾರಿ ಹಿಡಿದ ಪದ. ಫ್ರೆಂಚ್‌ನ ‘ಬಿಯೆ’ ಅಂದರೆ ಓರೆ. ಇದು 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ‘ಬೋಲ್ಸ್’ ಎಂಬ ಆಟದ ಚೆಂಡು ನೇರ ಉರುಳುವುದಿಲ್ಲ, ಬೇಕೆಂದೇ ಒಂದು ಕಡೆಗೆ ತಿರುಗುವಂತೆ ಮಾಡಿರುತ್ತಾರೆ. ಹಾಗೆ ವಾಲುವುದಕ್ಕೂ ‘ಬಯಾಸ್’ ಎಂದೇ ಹೆಸರು. ಅಲ್ಲಿಂದ ಮನಸ್ಸಿನ ಒಲವಿಗೂ ಅದೇ ಪದ ಅಂಟಿಕೊಂಡಿತು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ದರ್ಜಿಗಳು ‘ಬಯಾಸ್ ಕಟ್’ ಅನ್ನುತ್ತಾರಲ್ವಾ, ಅದೂ ಇದೇ.

ಬಳಸುವಾಗ ಒಂದು ವ್ಯತ್ಯಾಸ ಗಮನಿಸಿ. ಮನುಷ್ಯರಿಗೆ ‘ಬಯಾಸ್ಡ್’ ಸರಿ. ‘ಸ್ಲ್ಯಾಂಟೆಡ್’ ಜಾಸ್ತಿ ಒಪ್ಪುವುದು ವರದಿ, ಲೇಖನ, ಸಮೀಕ್ಷೆಯ ಪ್ರಶ್ನೆ ಇಂಥವಕ್ಕೆ. ಅದರಲ್ಲಿ ಸುಳ್ಳೇ ಇರಬೇಕೆಂದಿಲ್ಲ, ನಿಜವನ್ನೇ ಆರಿಸಿ ಆರಿಸಿ ಹೇಳಿದರೂ ಅದು ‘ಸ್ಲ್ಯಾಂಟೆಡ್’. ನನಗಂತೂ ಅದೇ ಜಾಸ್ತಿ ಅಪಾಯ ಅನ್ನಿಸುತ್ತದೆ. ಆದರೆ ‘ನ್ಯೂ ಸ್ಲ್ಯಾಂಟ್’ ಅಂದರೆ ಬೈಗುಳವಲ್ಲ, ಸುಮ್ನೆ ಹೊಸ ನೋಟ ಅಷ್ಟೇ.