ಡಿಆಕ್ಟಿವೇಟ್ ಮಾಡಿದರೆ ಸಾಕಲ್ಲವಾ ಸಾರ್?

ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್, ಅದಕ್ಕೆ ಸೇರಿಸುವ ಪ್ಲಗಿನ್ ಎಂಬ ಹೆಚ್ಚುವರಿ ತುಣುಕುಗಳು, ಇವುಗಳ ಸುರಕ್ಷತೆ ಬಗ್ಗೆ ಓದುಗರಿಂದ ಈ ಸಲವೂ ಅವೇ ಪ್ರಶ್ನೆಗಳು. ಅಪ್‌ಡೇಟ್ ಬಟನ್ ಎಲ್ಲಿದೆ, ಪಾಸ್‌ವರ್ಡ್ ಎಷ್ಟುದ್ದ ಇರಬೇಕು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಪ್ರಶ್ನೆ: ನಮ್ಮದು ಹೋಮ್‌ಸ್ಟೇ ಸೈಟು, ವರ್ಡ್‌ಪ್ರೆಸ್‌ನಲ್ಲಿದೆ. ಬಳಸದ ಏಳೆಂಟು ಪ್ಲಗಿನ್‌ಗಳನ್ನು ಡಿಆಕ್ಟಿವೇಟ್ ಮಾಡಿಟ್ಟಿದ್ದೇನೆ, ಮುಂದೆ ಬೇಕಾದೀತು ಅಂತ. ತೊಂದರೆ ಇಲ್ಲ ತಾನೆ?

ಉತ್ತರ: ಇದೆ. ಡಿಆಕ್ಟಿವೇಟ್ ಒತ್ತಿದರೆ ವರ್ಡ್‌ಪ್ರೆಸ್ ಆ ಪ್ಲಗಿನ್ನನ್ನು ಲೋಡ್ ಮಾಡುವುದಿಲ್ಲ, ಅಷ್ಟೇ. ಫೈಲುಗಳು ಸರ್ವರ್‌ನಲ್ಲಿ ಇದ್ದಲ್ಲೇ ಇರುತ್ತವೆ. ವಿಳಾಸ ಗೊತ್ತಿದ್ದವನು ನೇರವಾಗಿ ಆ ಫೈಲನ್ನೇ ಕರೆದರೆ ಸರ್ವರ್ ಅದನ್ನು ಓಡಿಸುತ್ತದೆ.

2020ರ ಸೆಪ್ಟೆಂಬರಿನಲ್ಲಿ ಡಬ್ಲ್ಯುಪಿ ಫೈಲ್ ಮ್ಯಾನೇಜರ್‌ಗೆ ಆದದ್ದು ಇದೇ ದಾರಿಯಲ್ಲಿ. 7 ಲಕ್ಷಕ್ಕೂ ಹೆಚ್ಚು ಸೈಟುಗಳಲ್ಲಿದ್ದ ಪ್ಲಗಿನ್ ಅದು. ಅದರೊಳಗಿನ ಎಲ್‌ಫೈಂಡರ್ ಎಂಬ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಮಾಡಿದವರು ಒಂದು ಮಾದರಿ ಫೈಲಿಗೆ ‘.ಡಿಸ್ಟ್’ ಎಂಬ ಬಾಲ ಅಂಟಿಸಿಯೇ ಕೊಟ್ಟಿದ್ದರು, ಇದ್ದ ಹಾಗೇ ಓಡದಿರಲಿ ಎಂದು. ಪ್ಲಗಿನ್ ಮಾಡಿದವರು ಬಾಲ ಕತ್ತರಿಸಿ ‘.ಪಿಎಚ್‌ಪಿ’ ಮಾತ್ರ ಉಳಿಸಿದರು; ಸರ್ವರ್ ಓಡಿಸುವ ಕೋಡ್ ಫೈಲಿನ ಗುರುತು ಅದು. ಲಾಗಿನ್ ಇಲ್ಲ, ಕೇಳುವವರಿಲ್ಲ. ಯಾರು ಬೇಕಾದರೂ ಫೈಲ್ ಅಪ್‌ಲೋಡ್ ಮಾಡಬಹುದಿತ್ತು. 6.9ನೇ ಆವೃತ್ತಿಯಲ್ಲಿ ಸರಿಪಡಿಸಿದರು, ಆದರೆ ಅಷ್ಟರೊಳಗೆ ದಾಳಿ ಶುರುವಾಗಿತ್ತು. ಕೆಲವು ಸೈಟುಗಳಲ್ಲಿ ಒಳಹೊಕ್ಕವರೇ ಆ ಫೈಲಿಗೆ ತಮ್ಮ ಪಾಸ್‌ವರ್ಡ್ ಹಾಕಿಕೊಂಡರು, ಬೇರೆ ಕಳ್ಳರು ಬರಬಾರದಂತೆ!

ಹಾಗಾಗಿ ಬೇಡದ್ದನ್ನು ಡಿಲೀಟ್ ಮಾಡಿ. ಬೇಕಾದಾಗ ಮತ್ತೆ ಹಾಕಿಕೊಳ್ಳಲು ಎರಡು ನಿಮಿಷ ಸಾಕು.

ಈಗಾಗಲೇ ಯಾರೋ ನುಗ್ಗಿದ್ದರೆ ಡಿಲೀಟ್ ಕೂಡ ಸಾಲದು. ನಾನು ಮೊದಲು ತೆರೆಯುವುದು ಅಪ್‌ಲೋಡ್ಸ್ ಫೋಲ್ಡರ್. ಫೋಟೊ, ಪಿಡಿಎಫ್ ಇರುವ ಜಾಗದಲ್ಲಿ ಪಿಎಚ್‌ಪಿಗೇನು ಕೆಲಸ? ಖಾಲಿ ಇಂಡೆಕ್ಸ್ ಫೈಲ್ ಇದ್ದರೆ ಇರಲಿ, ಮಿಕ್ಕಿದ್ದನ್ನೆಲ್ಲ ಅನುಮಾನಿಸಿ. ಒಂದು ಸೈಟಿನಲ್ಲಿ ಕಾಫಿ ಹೂವಿನ ಫೋಟೊಗಳ ಮಧ್ಯೆ ಅಂಥದ್ದೊಂದು ಕೂತಿತ್ತು. ಹೋಸ್ಟಿಂಗ್‌ನವರ ಸ್ಕ್ಯಾನರ್ ಮಾತ್ರ ‘ಕ್ಲೀನ್’ ಎಂದು ಹಸಿರು ಟಿಕ್ ಕೊಟ್ಟಿತ್ತು. ಆ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಸರ್ವರ್‌ನಲ್ಲೇ ತಡೆ ಹಾಕಿಸಿ. ಅಡ್ಮಿನ್ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿದೆಯೇ ನೋಡಿ, ಡೇಟಾಬೇಸ್ ಪಾಸ್‌ವರ್ಡನ್ನೂ ಬದಲಿಸಿ. ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಅದನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಸೆಕ್ಯುರಿಟಿ ಪ್ಲಗಿನ್ ಹಾಕಿದ್ದೇನೆ. ಇನ್ನು ನಿಶ್ಚಿಂತೆಯೇ?

ಉತ್ತರ: 2024ರ ನವೆಂಬರಿನಲ್ಲಿ ಬಯಲಾದ ತೂತು ಇದ್ದದ್ದು ರಿಯಲಿ ಸಿಂಪಲ್ ಸೆಕ್ಯುರಿಟಿ ಎಂಬ ಪ್ಲಗಿನ್ನಿನಲ್ಲಿ, ಅದೂ ಎರಡು ಹಂತದ ಲಾಗಿನ್ ಕೊಡುವ ಭಾಗದಲ್ಲೇ. 40 ಲಕ್ಷ ಸೈಟುಗಳಲ್ಲಿತ್ತು. ಕಾವಲಿಗೆ ಇಟ್ಟುಕೊಂಡಿದ್ದಕ್ಕೂ ಅಪ್‌ಡೇಟ್ ಬೇಕು.

ಪ್ರಶ್ನೆ: ನಮ್ಮ ಪುಟ್ಟ ಸೈಟಿನಿಂದ ಹ್ಯಾಕರಿಗೆ ಏನು ಸಿಗುತ್ತೆ?

ಉತ್ತರ: ಬರುವುದು ಬಾಟ್, ತಾನೇ ತಾನಾಗಿ ಸೈಟುಗಳನ್ನು ತಡಕುವ ಪ್ರೋಗ್ರಾಮ್. ಅದು ನಿಮ್ಮ ಆದಾಯ ವಿಚಾರಿಸುವುದಿಲ್ಲ.

ಪ್ರಶ್ನೆ: ಟೆಲಿಗ್ರಾಮ್ ಗ್ರೂಪಿನಲ್ಲಿ ಪ್ರೀಮಿಯಂ ಪ್ಲಗಿನ್ ಪುಕ್ಕಟೆ ಕೊಡುತ್ತಿದ್ದಾರೆ. ವೈರಸ್ ಸ್ಕ್ಯಾನ್ ಮಾಡಿ ಹಾಕಬಹುದೇ?

ಉತ್ತರ: ಬೇಡ. ಹಾಕಿಕೊಂಡ ಮೇಲೆ ನನಗೆ ಬರೆಯಲೂಬೇಡಿ.