ಸಂಸದರು ವಿರೋಧ ಪಕ್ಷದವರಾದರೆ ಊರಿನ ಅಹವಾಲು ಲೋಕಸಭೆ ಮುಟ್ಟುವುದು ಹೇಗೆ?

ಪ್ರಶ್ನೆ: ನಮ್ಮ ಸಂಸದರು ವಿರೋಧ ಪಕ್ಷದವರು. ಕೇಂದ್ರದಲ್ಲಿ ಅವರ ಸರ್ಕಾರವಿಲ್ಲ. ಹೀಗಿರುವಾಗ ಅವರ ಕೈಗೆ ಮನವಿ ಕೊಟ್ಟು ಪ್ರಯೋಜನವೇನು?
- ಓದುಗರು, ತಿಪಟೂರು

ಉತ್ತರ: ಪ್ರಯೋಜನವಿದೆ. ಆದರೆ ಮನವಿ ಸದನದೊಳಗೆ ಯಾವ ದಾರಿಯಲ್ಲಿ ಹೋಗಬೇಕೆಂಬುದು ಮೊದಲೇ ತೀರ್ಮಾನವಾಗಬೇಕು. ಬಜೆಟ್, ಮಸೂದೆಗಳ ಚರ್ಚೆಯಲ್ಲಿ ಮಾತಿನ ಸಮಯ ಪಕ್ಷಗಳ ಸಂಖ್ಯಾಬಲಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಸಣ್ಣ ಪಕ್ಷದ ಸದಸ್ಯರಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ತಾಲ್ಲೂಕಿನ ಸಮಸ್ಯೆ ಹೇಳಿ ಮುಗಿಸುವುದು ಕಷ್ಟ. ಪ್ರಶ್ನೆಗಳದ್ದು ಬೇರೆ ಲೆಕ್ಕ. ಬಂದ ಪ್ರಶ್ನೆಗಳಲ್ಲಿ ಯಾವುದು ಮೊದಲು ಎಂಬುದನ್ನು ಚೀಟಿ ಎತ್ತುವ ಕ್ರಮದಲ್ಲಿ ನಿರ್ಧರಿಸುತ್ತಾರೆ. ಅಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವಿಲ್ಲ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಸಚಿವರಾದ ಸಂಸದರು ಸದನದಲ್ಲಿ ಪ್ರಶ್ನೆ ಕೇಳುವವರಲ್ಲ, ಉತ್ತರಿಸುವವರು. ಹಾಗಾಗಿ ಲಿಖಿತ ಉತ್ತರ ತರಿಸುವ ವಿಷಯದಲ್ಲಿ ಸಚಿವರ ಕ್ಷೇತ್ರದವರಿಗಿಂತ ನಿಮ್ಮ ಕೈಯೇ ಮೇಲು.

ಪ್ರಶ್ನೆ: ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಇವೆರಡರಲ್ಲಿ ನಾವು ಯಾವುದಕ್ಕೆ ಒತ್ತಾಯಿಸಬೇಕು? ಎಷ್ಟು ದಿನ ಮೊದಲು ಹೇಳಬೇಕು?
- ಓದುಗರು, ಸಾಗರ

ಉತ್ತರ: ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230 ಪಟ್ಟಿಗೆ ಬರುತ್ತವೆ. ಮೊದಲನೆಯದಕ್ಕೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶವಿದೆ. ಎರಡನೆಯದಕ್ಕೆ ಲಿಖಿತ ಉತ್ತರ ಮಾತ್ರ. ಎಲ್ಲರಿಗೂ ಮೊದಲನೆಯದೇ ಬೇಕು. ಆದರೆ ಬೆಳಿಗ್ಗೆ 11ರಿಂದ 12ರವರೆಗಿನ ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಆ 20ರಲ್ಲಿ ಬೆರಳೆಣಿಕೆಯಷ್ಟಕ್ಕೆ. ಉಳಿದವುಗಳ ಉತ್ತರವನ್ನು ಸದನದ ಮೇಜಿನ ಮೇಲೆ ಇಟ್ಟು ಮುಗಿಸುತ್ತಾರೆ.

ಒಂದು ಊರಿನ, ಒಂದು ಸೇತುವೆಯ ಸಮಸ್ಯೆಗೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಸರಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅಂಕಿಅಂಶ, ದಿನಾಂಕ, ಮಂಜೂರಾದ ಮೊತ್ತ ಎಲ್ಲವೂ ಸಚಿವರ ಹೆಸರಿನಲ್ಲಿ ದಾಖಲೆಯಾಗಿ ಬರುತ್ತವೆ. ಆ ಹಾಳೆಯನ್ನು ಹಿಡಿದು ಡಿಸಿ ಕಚೇರಿಗೂ ಹೋಗಬಹುದು, ನ್ಯಾಯಾಲಯಕ್ಕೂ ಹೋಗಬಹುದು.

ಸಂಸದರು ಪ್ರಶ್ನೆಯ ನೋಟಿಸನ್ನು ಉತ್ತರದ ದಿನಕ್ಕಿಂತ ಕನಿಷ್ಠ 15 ಪೂರ್ಣ ದಿನ ಮೊದಲೇ ಸಲ್ಲಿಸಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ. ನಿಮ್ಮ ವಿಷಯದ ಸಚಿವಾಲಯದ ದಿನ ತಪ್ಪಿದರೆ ಮುಂದಿನ ವಾರಕ್ಕೇ ಕಾಯಬೇಕು. ಅಧಿವೇಶನ ಆರಂಭವಾದ ಮೇಲೆ ಮನವಿ ಹಿಡಿದು ದೆಹಲಿಗೆ ಹೋಗುವವರ ಕೆಲಸ ಕೆಡುವುದು ಇಲ್ಲೇ. ಬಜೆಟ್, ಮುಂಗಾರು, ಚಳಿಗಾಲ ಹೀಗೆ ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನಗಳಿರುತ್ತವೆ. ಅಧಿವೇಶನಕ್ಕೆ ಒಂದು ತಿಂಗಳಿರುವಾಗಲೇ ಕಾಗದಪತ್ರ ಸಂಸದರ ಕಚೇರಿಯಲ್ಲಿರಲಿ.

ಪ್ರಶ್ನೆ: ನಮ್ಮೂರ ರೈಲ್ವೆ ಗೇಟ್‌ಗೆ ಮೇಲ್ಸೇತುವೆ ಬೇಕೆಂದು ಸಂಸದರು ಪ್ರಶ್ನೆ ಕೇಳಿದ್ದರು. "ಇಂಥ ಕಾಮಗಾರಿಗಳನ್ನು ಕಾಲಕಾಲಕ್ಕೆ ಕೈಗೆತ್ತಿಕೊಳ್ಳಲಾಗುತ್ತದೆ" ಎಂಬ ಹಾರಿಕೆಯ ಉತ್ತರ ಬಂತು. ತಪ್ಪು ಯಾರದ್ದು?
- ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಅರ್ಧ ತಪ್ಪು ಪ್ರಶ್ನೆಯ ಬರವಣಿಗೆಯಲ್ಲೇ ಇರುತ್ತದೆ. "ಗೇಟ್ ಬಳಿ ಜನ ಪಡುತ್ತಿರುವ ಬವಣೆ ಸರ್ಕಾರದ ಕಣ್ಣಿಗೆ ಬೀಳುತ್ತಿಲ್ಲವೇ?" ಎಂದು ಬರೆದರೆ ಭಾಷಣವಾಯಿತು. ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು, 150 ಪದ ದಾಟಬಾರದು ಎಂದು ಲೋಕಸಭೆಯ ನಿಯಮವೇ ಇದೆ. ನ್ಯಾಯಾಲಯದ ಮುಂದಿರುವ ವಿಷಯವೂ ಆಗಬಾರದು, ಈಗಾಗಲೇ ಉತ್ತರಿಸಿದ್ದರ ಪುನರಾವರ್ತನೆಯೂ ಆಗಬಾರದು. ಸ್ಥಳದ ಗುರುತಿಲ್ಲದ ಪ್ರಶ್ನೆ ನಿಯಮ ದಾಟಿ ಒಳಹೊಕ್ಕರೂ ಅದಕ್ಕೆ ಬರುವುದು ನಿಮಗೆ ಬಂದಂಥ ಉತ್ತರವೇ.

ಪ್ರತಿ ಲೆವೆಲ್ ಕ್ರಾಸಿಂಗ್‌ಗೂ ಒಂದು ಸಂಖ್ಯೆ ಇರುತ್ತದೆ, ಗೇಟ್ ಬಳಿಯೇ ಬರೆದಿರುತ್ತಾರೆ. ಆ ಸಂಖ್ಯೆ, ಎಡಬಲದ ಎರಡು ನಿಲ್ದಾಣಗಳ ಹೆಸರು ಬರೆದುಕೊಳ್ಳಿ. ಆಮೇಲೆ ಪ್ರಶ್ನೆಯನ್ನು ಹೀಗೆ ತುಂಡು ಮಾಡಿ: (ಎ) ಇಂಥ ಸಂಖ್ಯೆಯ ಗೇಟ್‌ಗೆ ಮೇಲ್ಸೇತುವೆ ಮಂಜೂರಾಗಿದೆಯೇ, ಆಗಿದ್ದರೆ ಯಾವ ವರ್ಷ, ಎಷ್ಟು ಮೊತ್ತ, (ಬಿ) ನಕ್ಷೆಗೆ ರೈಲ್ವೆ ಮತ್ತು ರಾಜ್ಯ ಸರ್ಕಾರ ಯಾವ ದಿನಾಂಕದಂದು ಒಪ್ಪಿಗೆ ಕೊಟ್ಟಿವೆ, (ಸಿ) ಬೇಕಾದ ಜಮೀನು ಎಷ್ಟು, ಹಸ್ತಾಂತರವಾದದ್ದು ಎಷ್ಟು, (ಡಿ) ಈವರೆಗೆ ಖರ್ಚಾದದ್ದೆಷ್ಟು, (ಇ) ವಿಳಂಬಕ್ಕೆ ಕಾರಣವೇನು, ಮುಗಿಸುವ ಗಡುವು ಯಾವುದು.

ಇದರಲ್ಲಿ (ಬಿ) ಮತ್ತು (ಸಿ) ಬಹಳ ಮುಖ್ಯ. ಇಂಥ ಕಾಮಗಾರಿಗಳಲ್ಲಿ ರಾಜ್ಯದ ಪಾಲೂ ಇರುವುದರಿಂದ ರೈಲ್ವೆಯವರು ರಾಜ್ಯದ ಕಡೆಗೂ, ರಾಜ್ಯದವರು ರೈಲ್ವೆಯ ಕಡೆಗೂ ಬೆರಳು ತೋರಿಸುತ್ತಾರೆ. ಕಡತ ಯಾರ ಮೇಜಿನ ಮೇಲೆ ಕೂತಿದೆ ಎಂಬುದು ಈ ಎರಡು ಉತ್ತರಗಳಿಂದ ಬಯಲಾಗುತ್ತದೆ. ಜಮೀನು ರಾಜ್ಯದಿಂದ ಬಂದಿಲ್ಲ ಎಂದು ಉತ್ತರ ಬಂದರೆ ಮುಂದಿನ ಕೆಲಸ ನಿಮ್ಮ ಶಾಸಕರದ್ದು. ರಾಜ್ಯದಲ್ಲಿ ಸಂಸದರ ಪಕ್ಷದ್ದೇ ಸರ್ಕಾರವಿದ್ದರೂ ಈ ಪ್ರಶ್ನೆ ಬಿಡದಂತೆ ಅವರನ್ನು ಒತ್ತಾಯಿಸಿ.

ಯಾವ ರೈಲ್ವೆ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ರಾಜ್ಯದ ಬಹುಭಾಗ ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಗೆ ಸೇರಿದೆ. ಆದರೆ ಕಾರವಾರ, ಉಡುಪಿಯ ಮಾರ್ಗ ಕೊಂಕಣ ರೈಲ್ವೆ ನಿಗಮದ್ದು, ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು.

ಪ್ರಶ್ನೆ: ಅಡಿಕೆಯ ವಿಷಯವನ್ನು ಕೃಷಿ ಸಚಿವರಿಗೆ ಕೇಳಿಸಬೇಕಲ್ಲವೇ?
- ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಎಲೆಚುಕ್ಕಿ ರೋಗವಾದರೆ ಹೌದು. ಆಮದಿನದಾದರೆ ವಾಣಿಜ್ಯ ಸಚಿವಾಲಯ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಅದರ ಅಡಿಯ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. ಕಳ್ಳಸಾಗಣೆಯಾದರೆ ಕಸ್ಟಮ್ಸ್, ಅಂದರೆ ಹಣಕಾಸು ಸಚಿವಾಲಯ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಂದೇ ಪ್ರಶ್ನೆಯಲ್ಲಿ ಮೂರನ್ನೂ ಸೇರಿಸಿದರೆ ಯಾವುದಕ್ಕೂ ನೆಟ್ಟಗೆ ಉತ್ತರ ಬರುವುದಿಲ್ಲ. ಮೂರು ಪ್ರಶ್ನೆ ಮಾಡಿ.

ಪ್ರಶ್ನೆ: ಶೂನ್ಯ ವೇಳೆಯಲ್ಲಿ ನಮ್ಮ ಸಂಸದರು ಹೆದ್ದಾರಿಯ ವಿಷಯ ಮಾತನಾಡಿದ ವಿಡಿಯೊ ಎಲ್ಲರ ಮೊಬೈಲ್‌ಗೂ ಬಂತು. ಆಮೇಲೆ ಏನೂ ಆಗಲಿಲ್ಲ. ಏಕೆ?
- ಓದುಗರು, ಹಾಸನ

ಉತ್ತರ: ಶೂನ್ಯ ವೇಳೆ ಎಂದರೆ ಪ್ರಶ್ನೋತ್ತರದ ಗಂಟೆ ಮುಗಿದ ಮೇಲೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು. ಅಲ್ಲಿ ಎತ್ತಿದ ವಿಷಯಕ್ಕೆ ಸಚಿವರು ಉತ್ತರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಪ್ರವಾಹ, ಅಪಘಾತ, ಬೆಲೆ ಕುಸಿತದಂಥ ತುರ್ತಿಗೆ ಅದು ಒಳ್ಳೆಯ ವೇದಿಕೆ. ವರ್ಷಗಟ್ಟಲೆ ಎಳೆದಾಡುವ ಕಾಮಗಾರಿಗೆ ಅಲ್ಲ. ಅಂಥದ್ದಕ್ಕೆ ಲೋಕಸಭೆಯ ಕಾರ್ಯವಿಧಾನದ ನಿಯಮ 377 ಇದೆ. 250 ಪದಗಳೊಳಗಿನ ಬರಹಕ್ಕೆ ಮೊದಲೇ ಒಪ್ಪಿಗೆ ಪಡೆದು ಅದನ್ನಷ್ಟೇ ಓದಬೇಕು. ಒಬ್ಬ ಸದಸ್ಯರಿಗೆ ವಾರಕ್ಕೆ ಒಂದೇ ಅವಕಾಶ. ಮೇಲುನೋಟಕ್ಕೆ ಸಪ್ಪೆಯಾಗಿ ಕಂಡರೂ ಇದಕ್ಕೆ ಸಂಬಂಧಪಟ್ಟ ಸಚಿವಾಲಯ ಒಂದು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕೆಂಬ ಪದ್ಧತಿಯಿದೆ. ಉತ್ತರ ಸಂಸದರ ಕೈಸೇರುತ್ತದೆ. ವಿಡಿಯೊ ಹಂಚುವ ಕಚೇರಿ ಆ ಪತ್ರವನ್ನು ಹಂಚುವುದು ಅಪರೂಪ. ನೀವಾಗಿಯೇ ಹೋಗಿ ನಕಲು ಕೇಳಿ ಪಡೆಯಿರಿ.

ಪ್ರಶ್ನೆ: ವಿರೋಧ ಪಕ್ಷದವರು ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ ಇಳಿದು ಧರಣಿ ಮಾಡಿದಾಗ ನಮ್ಮ ಪ್ರಶ್ನೆ ಏನಾಗುತ್ತದೆ?
- ಓದುಗರು, ರಾಯಚೂರು

ಉತ್ತರ: ಕಲಾಪ ಮುಂದೂಡಿದರೂ ಪಟ್ಟಿಯಲ್ಲಿದ್ದ ಪ್ರಶ್ನೆಗಳಿಗೆ ಲಿಖಿತ ಉತ್ತರ ಬಂದೇ ಬರುತ್ತದೆ. ಕಳೆದುಹೋಗುವುದು ಉಪಪ್ರಶ್ನೆ. ಸಿದ್ಧ ಉತ್ತರದ ಹೊರಗೆ ಸಚಿವರನ್ನು ಕೆಣಕಿ ಕೇಳುವ ಏಕೈಕ ಅವಕಾಶ ಅದು, ನಷ್ಟವಾಗುವುದು ವಿರೋಧ ಪಕ್ಷಕ್ಕೇ. ದೇಶದ ದೊಡ್ಡ ವಿಷಯಕ್ಕೆ ಪ್ರತಿಭಟನೆ ಬೇಕಾಗುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಮಾನತಿನವರೆಗೆ ಹೋದರೆ ಕ್ಷೇತ್ರಕ್ಕೆ ನೇರ ಪೆಟ್ಟು. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದಾಗ ಅವರ ಪ್ರಶ್ನೆಗಳು ಪಟ್ಟಿಯಿಂದ ಹೊರಬಿದ್ದವು.

ಪ್ರಶ್ನೆ: ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದೇ?
- ಓದುಗರು, ಶಿವಮೊಗ್ಗ

ಉತ್ತರ: ಧಾರಾಳವಾಗಿ. ಹಿಂದಿ, ಇಂಗ್ಲಿಷ್ ಬಾರದ ಸದಸ್ಯರು ತಾಯ್ನುಡಿಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದೆಂದು ಸಂವಿಧಾನದ 120ನೇ ವಿಧಿಯಲ್ಲೇ ಇದೆ. 1967ರಲ್ಲಿ ನಿಮ್ಮ ಶಿವಮೊಗ್ಗದಿಂದಲೇ ಗೆದ್ದ ಜೆ.ಎಚ್. ಪಟೇಲರು ವಿರೋಧ ಪಕ್ಷದ ಸಾಲಿನಲ್ಲಿ ನಿಂತು ಕನ್ನಡದಲ್ಲಿ ಮಾತನಾಡಿದರು. ಈಗ ಅನುವಾದದ ವ್ಯವಸ್ಥೆಯೂ ಇದೆ. ಮೊದಲೇ ತಿಳಿಸಿ, ಅಂಕಿಅಂಶ, ಊರಿನ ಹೆಸರುಗಳ ಒಂದು ಪ್ರತಿಯನ್ನು ಅನುವಾದಕರಿಗೆ ಕೊಟ್ಟರೆ ಕಿವಿಗೆ ಬೀಳುವ ಅನುವಾದ ತಪ್ಪಾಗದು.

ಪ್ರಶ್ನೆ: ಊರಿನವರೆಲ್ಲ ಸಹಿ ಮಾಡಿದ ಅರ್ಜಿಯನ್ನು ಸದನಕ್ಕೇ ಸಲ್ಲಿಸಲು ಸಾಧ್ಯವೇ?
- ಗ್ರಾಮಸ್ಥರು, ಬೆಳಗಾವಿ ಜಿಲ್ಲೆ

ಉತ್ತರ: ಸಾಧ್ಯ. ಅರ್ಜಿ ಲೋಕಸಭೆಯನ್ನು ಉದ್ದೇಶಿಸಿರಬೇಕು, ಮಂಡಿಸುವ ಸಂಸದರ ಮೇಲುಸಹಿ ಇರಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದಕ್ಕೂ ಅರ್ಜಿದಾರರ ಸಹಿ ಬೇಕು. ಸಹಿಗಳು ಹಲವು ಹಾಳೆಗೆ ಹರಡಿದರೆ ಪ್ರತಿ ಹಾಳೆಯ ತಲೆಯಲ್ಲೂ ಕೋರಿಕೆಯನ್ನು ಮತ್ತೆ ಬರೆಯಬೇಕು. ಖಾಲಿ ಹಾಳೆಯಲ್ಲಿ ಸಹಿ ಹಾಕಿಸಿ ಹಿಂದೆ ಪಿನ್ ಮಾಡಿದರೆ ನಡೆಯುವುದಿಲ್ಲ. ಫೋಟೊ, ಪತ್ರ, ಅಫಿಡವಿಟ್ ಲಗತ್ತಿಸುವಂತಿಲ್ಲ, ಹೇಳಬೇಕಾದ್ದೆಲ್ಲ ಅರ್ಜಿಯೊಳಗೇ ಇರಬೇಕು. ಚರಂಡಿ, ಪಡಿತರ ಚೀಟಿಯಂಥ ರಾಜ್ಯದ ವಿಷಯಗಳಿಗೆ ಇದು ಜಾಗವಲ್ಲ.

ಪ್ರಶ್ನೆ: "ವಿಷಯ ಪರಿಶೀಲನೆಯಲ್ಲಿದೆ" ಎಂದು ಸಚಿವರು ಸದನದಲ್ಲಿ ಹೇಳಿದರೆ ಕಥೆ ಮುಗಿಯಿತೇ?
- ಓದುಗರು, ಕೋಲಾರ

ಉತ್ತರ: ಮುಗಿಯಲಿಲ್ಲ. ಇಂಥ ಮಾತುಗಳನ್ನು ಭರವಸೆ ಎಂದೇ ಪರಿಗಣಿಸುತ್ತಾರೆ, ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ದರೆ ಸಚಿವಾಲಯ ಕಾಲಾವಕಾಶ ಕೋರಬೇಕು. ಇದನ್ನು ನೋಡಿಕೊಳ್ಳಲು ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿಯಿದೆ. ಉತ್ತರದ ಪ್ರತಿಯನ್ನು ಸಂಸತ್ತಿನ ಜಾಲತಾಣದಲ್ಲಿ ಸಂಸದರ ಹೆಸರು ಹಾಕಿ ಹುಡುಕಿ, ಪ್ರಶ್ನೆಯ ಸಂಖ್ಯೆ ಮತ್ತು ದಿನಾಂಕ ಬರೆದುಕೊಳ್ಳಿ. ನಾಲ್ಕನೇ ತಿಂಗಳಲ್ಲೂ ಸುದ್ದಿಯಿಲ್ಲದಿದ್ದರೆ ಅದೇ ಸಂಖ್ಯೆ ನಮೂದಿಸಿ ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆಯುವಂತೆ ಸಂಸದರಿಗೆ ಹೇಳಿ.