ಡೆವಿಲ್ಸ್ ಲೇಕ್‌ಗೆ ಅಪ್ಪ-ಅಮ್ಮನನ್ನು ಯಾವಾಗ ಕರೆದುಕೊಂಡು ಹೋಗೋದು?

ಷಿಕಾಗೋದಲ್ಲಿದ್ದೀರಿ, ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್‌ಗೆ ಯಾವ ತಿಂಗಳು ಹೋಗಬೇಕು, ಮಂಡಿನೋವು ಇರುವವರಿಗೆ ಆಗುತ್ತಾ ಅಂತ ಕೇಳಿದ್ದೀರಿ.

ನಾನಿರುವುದು ಮ್ಯಾಡಿಸನ್‌ನಲ್ಲಿ. ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ, ಹಾಗಾಗಿ ಎಲ್ಲ ಕಾಲದಲ್ಲೂ ಹೋಗಿದ್ದೇನೆ. ತಿಂಗಳು ಯಾವುದಾದರೂ ಆಗಲಿ, ಬೇಸಿಗೆಯ ಶನಿವಾರ-ಭಾನುವಾರ ಮಾತ್ರ ಬೇಡ. ಒಮ್ಮೆ ಜುಲೈ ಶನಿವಾರ ಹನ್ನೊಂದು ಗಂಟೆಗೆ ಹೋಗಿ, ಪಾರ್ಕಿಂಗ್ ಸಿಗದೆ ಸುತ್ತಿ ಸುತ್ತಿ, ಕೊನೆಗೆ ಪುಳಿಯೋಗರೆಯನ್ನು ಕಾರಲ್ಲೇ ಕೂತು ತಿಂದೆವು. ಅಕ್ಟೋಬರ್ ಮಧ್ಯದಲ್ಲಿ ಎಲೆ ಕೆಂಪಾದಾಗಲೂ ಇದೇ ಕಥೆ. ವಾರದ ದಿನ ರಜೆ ಹಾಕಿ, ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ.

ಇನ್ನು ಮಂಡಿ. ಕೆರೆಯ ಎರಡೂ ಬದಿಗೆ ಸುಮಾರು 500 ಅಡಿ ಎತ್ತರದ ಬಂಡೆಗುಡ್ಡಗಳಿವೆ. ಬ್ಯಾಲೆನ್ಸ್ಡ್ ರಾಕ್ ದಾರಿ ಪೂರ್ತಿ ಕಡಿದಾದ ಕಲ್ಲಿನ ಮೆಟ್ಟಿಲು. ನಮ್ಮಮ್ಮ "ತಿರುಪತಿ ಬೆಟ್ಟ ಹತ್ತಿದವಳು ನಾನು" ಅಂತ ಹೊರಟೇಬಿಟ್ಟರು. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ಇಪ್ಪತ್ತು ಹತ್ತುವಷ್ಟರಲ್ಲಿ ಕೂತುಬಿಟ್ಟರು.

ನೀವು ಪಶ್ಚಿಮದ ಗುಡ್ಡದ ಬುಡದಲ್ಲಿರುವ ಟಂಬಲ್ಡ್ ರಾಕ್ಸ್ ದಾರಿ ಹಿಡಿಯಿರಿ. ಸುಮಾರು ಒಂದು ಮೈಲಿ, ಹತ್ತುವುದು ಇಳಿಯುವುದು ಕಡಿಮೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಮೇಲಿಂದ ಉರುಳಿಬಿದ್ದ ಕಲ್ಲುಗಳ ರಾಶಿ. ಈ ಕಲ್ಲು ಕ್ವಾರ್ಟ್‌ಜೈಟ್, ಗುಲಾಬಿ ಮತ್ತು ನೇರಳೆ ಬೆರೆತ ಬಣ್ಣ. ನಮ್ಮಪ್ಪ ಒಂದು ಬಂಡೆ ಮೇಲೆ ಕೈಯಾಡಿಸಿ, "ಇದೇನೋ, ಮಲ್ಪೆ ಮರಳಲ್ಲಿ ಅಲೆ ಬಿಟ್ಟುಹೋದ ಗೆರೆ ಇದ್ದ ಹಾಗಿದೆ" ಅಂದರು. ಅದು ನಿಜಕ್ಕೂ ಅದೇ! 150 ಕೋಟಿ ವರ್ಷಕ್ಕೂ ಹಿಂದೆ ಮರಳಾಗಿದ್ದದ್ದು ಗಟ್ಟಿಯಾಗಿ ಕಲ್ಲಾಗಿದೆ, ಗೆರೆ ಹಾಗೇ ಉಳಿದಿದೆ. ಆಮೇಲೆ ಅಪ್ಪ ಪ್ರತಿ ಕಲ್ಲಿನ ಹತ್ತಿರವೂ ನಿಂತರು. ಒಂದು ಮೈಲಿಗೆ ಎರಡು ಗಂಟೆ ಹಿಡಿಯಿತು.

ಅಮ್ಮನಿಗೆ ಹೆಸರೇ ಇಷ್ಟವಾಗಲಿಲ್ಲ, "ದೆವ್ವದ ಕೆರೆಗೆ ಯಾಕೋ ಕರ್ಕೊಂಡು ಬಂದೆ" ಅಂತ. ಇಲ್ಲಿನ ಮೂಲನಿವಾಸಿ ಹೋ-ಚಂಕ್ ಜನರ ಭಾಷೆಯಲ್ಲಿ ಇದಕ್ಕೆ ಪವಿತ್ರ ಕೆರೆ ಅಂತ ಅರ್ಥ ಬರುವ ಹೆಸರಿದೆ ಅಂದ ಮೇಲೆ ಸಮಾಧಾನವಾಗಿ, ದಡದಲ್ಲಿ ಕಾಲು ಇಳಿಬಿಟ್ಟು ಕೂತರು. ಪೆಟ್ರೋಲ್ ಬೋಟ್ ಬಿಡುವುದಿಲ್ಲ, ಬ್ಯಾಟರಿ ಬೋಟ್ ಮಾತ್ರ. ಅದಕ್ಕೇ ಅಷ್ಟು ಶಾಂತ. ಮಕ್ಕಳು ನೀರಿಗಿಳಿದರೆ ನೀವೇ ಕಣ್ಣಿಟ್ಟಿರಿ, ಲೈಫ್‌ಗಾರ್ಡ್ ಇರುವುದಿಲ್ಲ.

ಅವರು ಜನವರಿವರೆಗೆ ಇರುತ್ತಾರಾ? ಹಾಗಿದ್ದರೆ ಇನ್ನೊಮ್ಮೆ ಕರೆತನ್ನಿ. ಗುಡ್ಡದ ದಾರಿಯೆಲ್ಲ ಐಸ್ ಕಟ್ಟಿ ಜಾರುತ್ತದೆ, ಅದು ಬೇಡ. ಸುಮ್ನೆ ದಡದಲ್ಲಿ ನಿಂತು ನೋಡಿದರೆ ಸಾಕು. ಕೆರೆ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಜನ ತೂತು ಕೊರೆದು, ಬಕೆಟ್ ಬೋರಲು ಹಾಕಿ ಕೂತು ಮೀನು ಹಿಡಿಯುತ್ತಾರೆ. ನಾವು ಹೋದಾಗ ಒಬ್ಬಾತ ಹಾಗೆ ಕೂತಿದ್ದ, ನಡುವೆ ಐಸ್ ಒಳಗಿಂದ 'ಗುಂಯ್' ಅಂತ ಸದ್ದು ಬಂತು. ನಾವು ದಡದಲ್ಲಿದ್ದವರೇ ಎರಡು ಹೆಜ್ಜೆ ಹಿಂದೆ ಹೋದೆವು, ಆತ ಬಕೆಟ್ ಮೇಲಿಂದ ಅಲ್ಲಾಡಲಿಲ್ಲ.

ಹಾಂ, ನಿಮ್ಮದು ಇಲಿನಾಯ್ ನಂಬರ್ ಪ್ಲೇಟ್ ಅಲ್ವಾ? ಹೊರರಾಜ್ಯದ ಗಾಡಿಗೆ ಪ್ರವೇಶದ ದುಡ್ಡು ಜಾಸ್ತಿ.